ಮಂಡ್ಯದಿಂದ ಸ್ಯಾನ್ ಫ್ರಾನ್ಸಿಸ್ಕೋ: ಅಪ್ಪ ಅವ್ವ ಒಟ್ಟು ಎಷ್ಟು ಗಂಟೆ ಪ್ರಯಾಣ ಮಾಡಬೇಕು?

ಬೆಲ್ಲದಚ್ಚು, ಮಂಡ್ಯ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ ಇದ್ದಾಳೆ. ಡಿಸೆಂಬರ್‌ನಲ್ಲಿ ಹೆರಿಗೆ. ಬಾಣಂತನಕ್ಕೆ ಅಪ್ಪ ಅವ್ವ ನವೆಂಬರ್ ಕೊನೆಗೆ ಹೊರಡುತ್ತಿದ್ದಾರೆ. ಅಪ್ಪನಿಗೆ 67, ಅವ್ವನಿಗೆ 61. ಇಬ್ಬರೂ ಇದುವರೆಗೆ ವಿಮಾನ ಹತ್ತಿದವರಲ್ಲ. ತುಂಬಾ ದೂರ ಹೋಗಿದ್ದು ಅಂದರೆ ಕಾಶಿಗೆ, ಅದೂ ರೈಲಿನಲ್ಲಿ.

ಅಪ್ಪ ದಿನಾ ಕೇಳುವುದು ಎರಡೇ ಪ್ರಶ್ನೆ. ಎಷ್ಟು ದೂರ? ಎಷ್ಟು ಹೊತ್ತು? ನನಗೆ ಎರಡಕ್ಕೂ ಸರಿಯಾದ ಉತ್ತರ ಸಿಗುತ್ತಿಲ್ಲ. ಒಂದು ಕಡೆ 14,000 ಕಿ.ಮೀ. ಅಂತಿದೆ, ಇನ್ನೊಂದು ಕಡೆ 16,500. ಗಂಟೆ ಅಂತೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. 16, 22, 27, 34. ನಮ್ಮ ತಾರೀಖಿಗೆ ನೇರ ವಿಮಾನ ಸಿಗುತ್ತಿಲ್ಲ. ದುಬೈ, ಫ್ರಾಂಕ್‌ಫರ್ಟ್, ಸಿಂಗಾಪುರ, ಟೋಕಿಯೋ, ನಾಲ್ಕು ದಾರಿ ತೋರಿಸುತ್ತಿದ್ದಾರೆ.

ಟೋಕಿಯೋ ಅಂದ ತಕ್ಷಣ ಅಪ್ಪ ನನ್ನ ಮಗಳ ಶಾಲೆಯ ಅಟ್ಲಾಸು, ಸ್ಕೇಲು ಹಿಡಿದು ಕೂತರು. "ಅಮೆರಿಕ ಎಡಗಡೆ ಇದೆ, ಜಪಾನ್ ಬಲಗಡೆ ಇದೆ. ತಿರುಪತಿಗೆ ಹೋಗೋಕೆ ಯಾರಾದರೂ ಮಂಗಳೂರು ಮೇಲೆ ಹೋಗ್ತಾರಾ?" ಅಂದರು. ಏನು ಹೇಳಲಿ?

ನಿವೃತ್ತ ಮೇಷ್ಟ್ರು, ಮೈಸೂರು

ತಂದೆಯವರ ಕೈಯಿಂದ ಮೊದಲು ಸ್ಕೇಲ್ ಕಸಿದುಕೊಳ್ಳಿ. ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವನು ಹೇಳುತ್ತಿದ್ದೇನೆ. ಗೋಡೆಯ ಮ್ಯಾಪಿನ ಮೇಲೆ ಸ್ಕೇಲ್ ಇಟ್ಟು ದೇಶದೊಳಗಿನ ದೂರ ಅಳೆಯಬಹುದು. ಖಂಡ ದಾಟುವ ದೂರ ಅಳೆಯಲು ಆಗಲ್ಲ. ದುಂಡಗಿನ ಭೂಮಿಯನ್ನು ಚಪ್ಪಟೆ ಮಾಡುವಾಗ ಮೇಲೆ ಕೆಳಗೆ ಎಲ್ಲ ಹಿಗ್ಗಿರುತ್ತದೆ.

ಮನೆಯಲ್ಲಿ ಗ್ಲೋಬ್ ಇದ್ದರೆ ತೆಗೆದುಕೊಳ್ಳಿ. ಒಂದು ದಾರದ ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿಯಿರಿ. ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ಎಡಕ್ಕೂ ಹೋಗಲ್ಲ, ಬಲಕ್ಕೂ ಹೋಗಲ್ಲ. ಮೇಲಕ್ಕೆ ಹೋಗುತ್ತದೆ! ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ, ಆರ್ಕ್ಟಿಕ್ ಸಮುದ್ರದ ಅಂಚು ಮುಟ್ಟಿ, ಅಲಾಸ್ಕಾ ಮೇಲಿಂದ ಕೆಳಗಿಳಿಯುತ್ತದೆ. ಅದೇ ಅತಿ ಹತ್ತಿರದ ದಾರಿ. ಲೆಕ್ಕ ಹಾಕಿದರೆ ಸುಮಾರು 13,990 ಕಿ.ಮೀ. ನಿಮಗೆ ಸಿಕ್ಕ 14,000 ಅದೇ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅಂದರೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಸುತ್ತಬೇಕು.

ಈಗ ನಡುವೆ ಇಳಿದು ಹೋಗುವ ದಾರಿಗಳನ್ನು ನೋಡಿ. ದುಬೈ ಮೇಲೆ ಹೋದರೆ ಮೊದಲು 2,700, ಆಮೇಲೆ 13,000. ಒಟ್ಟು 15,700 ಆಸುಪಾಸು. ಫ್ರಾಂಕ್‌ಫರ್ಟ್ ಮೇಲಾದರೆ 7,400 ಮತ್ತು 9,100, ಸೇರಿ 16,500. ಸಿಂಗಾಪುರ ಇನ್ನೂ ಜಾಸ್ತಿ, 16,800 ಹತ್ತಿರ. ಟೋಕಿಯೋ? 6,700 ಮತ್ತು 8,200. ಒಟ್ಟು 14,900. ತಂದೆಯವರು ನಕ್ಕ ದಾರಿಯೇ ನಾಲ್ಕರಲ್ಲಿ ಹತ್ತಿರದ್ದು.

ಬೆಲ್ಲದಚ್ಚು, ಮಂಡ್ಯ

ಮೇಷ್ಟ್ರೇ, ಗ್ಲೋಬ್ ಇರಲಿಲ್ಲ. ಮೂಸಂಬಿ ಮೇಲೆ ಪೆನ್ನಿನಲ್ಲಿ ಚುಕ್ಕೆ ಇಟ್ಟು ದಾರ ಎಳೆದು ತೋರಿಸಿದೆ. ಅಪ್ಪ ಐದು ನಿಮಿಷ ತಿರುಗಿಸಿ ತಿರುಗಿಸಿ ನೋಡಿ, "ಹಂಗಾದ್ರೆ ಸರಿ" ಅಂದು ಸಿಪ್ಪೆ ಸುಲಿದು ತಿಂದರು.

ಕೆರೆ ಏರಿ, ಮದ್ದೂರು

ಮೇಷ್ಟ್ರೇ ಒಂದು ಡೌಟು. ದಾರ ನೇಪಾಳ, ಟಿಬೆಟ್ ಮೇಲೆ ಹೋಗುತ್ತೆ ಅಂದ್ರಿ. ಆದರೆ ವಿಮಾನಗಳು ಹಿಮಾಲಯದ ಮೇಲೆ ಹೋಗಲ್ಲ ಅಂತ ಕೇಳಿದ್ದೆ. ಬೆಟ್ಟಕ್ಕೆ ಡಿಕ್ಕಿ ಹೊಡೆಯುತ್ತೆ ಅಂತಲಾ?

ನಿವೃತ್ತ ಮೇಷ್ಟ್ರು, ಮೈಸೂರು

ಡಿಕ್ಕಿ ಮಾತೇ ಇಲ್ಲ. ವಿಮಾನ ಹಾರುವುದು 35,000 ಅಡಿ ಆಸುಪಾಸಿನಲ್ಲಿ. ಎವರೆಸ್ಟ್ 29,000 ಅಡಿ. ತೊಂದರೆ ಬೇರೆ. ವಿಮಾನದೊಳಗಿನ ಗಾಳಿಯ ಒತ್ತಡ ಏನಾದರೂ ಹೋಯಿತು ಅಂದುಕೊಳ್ಳಿ. ತಲೆ ಮೇಲಿಂದ ಆಮ್ಲಜನಕದ ಮಾಸ್ಕ್ ಬೀಳುತ್ತದೆ. ಅದರಲ್ಲಿ ಆಮ್ಲಜನಕ ಬರುವುದು ಸುಮಾರು ಕಾಲು ಗಂಟೆ ಮಾತ್ರ. ಅಷ್ಟರಲ್ಲಿ ಪೈಲಟ್ ವಿಮಾನವನ್ನು 10,000 ಅಡಿಗೆ ಇಳಿಸಬೇಕು. ಟಿಬೆಟ್‌ನಲ್ಲಿ ನೆಲವೇ 14,000–15,000 ಅಡಿ ಎತ್ತರದಲ್ಲಿದೆ. ಎಲ್ಲಿಗೆ ಇಳಿಸುತ್ತಾರೆ? ಅದಕ್ಕೇ ಸಾಮಾನ್ಯವಾಗಿ ಪಕ್ಕಕ್ಕೆ ಸರಿದು ಹೋಗುತ್ತಾರೆ. ದಾರದ ದೂರವೇ ಒಂದು, ಹಾರುವ ದೂರವೇ ಇನ್ನೊಂದು ಆಗುವುದು ಹೀಗೆ.

ದೇಶಗಳ ಜಗಳವೂ ಇದೆ. 2022ರಿಂದ ರಷ್ಯಾ ತನ್ನ ಆಕಾಶವನ್ನು ಯುರೋಪ್, ಅಮೆರಿಕದ ವಿಮಾನಗಳಿಗೆ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ದೇಶದ ವಿಮಾನಗಳಿಗೆ ಮುಚ್ಚಿತು. ಬೇಲಿ ಹಾಕಿದ ಹೊಲ ಸುತ್ತಿಕೊಂಡು ಹೋದ ಹಾಗೆ. ಕಿಲೋಮೀಟರ್ ಬೆಳೆಯುತ್ತದೆ, ಗಂಟೆಯೂ ಬೆಳೆಯುತ್ತದೆ.

ರಾಗಿಮುದ್ದೆ, ಸದ್ಯಕ್ಕೆ ಸನ್ನಿವೇಲ್ (ಊರು ಪಾಂಡವಪುರ)

ಉತ್ತರ ಧ್ರುವದ ಮೇಲೂ ಬಂದಿದ್ದಾರೆ ಮೇಷ್ಟ್ರೇ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ಬೆಂಗಳೂರು ನೇರ ವಿಮಾನ. ಕ್ಯಾಪ್ಟನ್ ಜೋಯಾ ಅಗರ್ವಾಲ್. ಪೈಲಟ್‌ಗಳು ನಾಲ್ವರೂ ಹೆಂಗಸರೇ. ಇಲ್ಲಿ ನಮ್ಮ ಕನ್ನಡದವರೆಲ್ಲ ರಾತ್ರಿ ಎದ್ದು ಕೂತು ಫೋನಿನಲ್ಲಿ ವಿಮಾನದ ಚುಕ್ಕೆ ನೋಡುತ್ತಿದ್ದೆವು.

ನಿವೃತ್ತ ಮೇಷ್ಟ್ರು, ಮೈಸೂರು

ಹೌದು. ಆದರೆ ಅದು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದ ವಿಮಾನ. ಹಾರಿದ್ದು ಸುಮಾರು 16,000 ಕಿ.ಮೀ. ದಾರದ ದೂರಕ್ಕಿಂತ 2,000 ಜಾಸ್ತಿ. ಹತ್ತಿರದ ದಾರಿ ಬಿಟ್ಟು ದೂರದ ದಾರಿ ಯಾಕೆ? ಗಾಳಿ. ಮೂವತ್ತು ನಲವತ್ತು ಸಾವಿರ ಅಡಿ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಹರಿಯುತ್ತಿರುತ್ತದೆ, ಹೊಳೆ ಹರಿದ ಹಾಗೆ. ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಚಳಿಗಾಲದಲ್ಲಿ ಇನ್ನೂ ಜೋರು. ಗಂಟೆಗೆ 150, 200 ಕಿ.ಮೀ. ಮೀರುವುದೂ ಉಂಟು.

ನಾನು ಹುಡುಗನಾಗಿದ್ದಾಗ ಆಷಾಢದಲ್ಲಿ ಮೈಸೂರಿನಿಂದ ಮಂಡ್ಯದ ಅತ್ತೆ ಮನೆಗೆ ಸೈಕಲ್ ಹೊಡೆಯುತ್ತಿದ್ದೆ. ಹೋಗುವಾಗ ಪೆಡಲ್ ತುಳಿಯುವುದೇ ಬೇಡ, ಗಾಳಿಯೇ ತಳ್ಳುತ್ತಿತ್ತು. ವಾಪಸ್ ಬರುವಾಗ ಶ್ರೀರಂಗಪಟ್ಟಣ ಬರುವಷ್ಟರಲ್ಲಿ ನಾಲಿಗೆ ಹೊರಗೆ. ದಾರಿ ಅದೇ, ಸೈಕಲ್ ಅದೇ, ಹೊತ್ತು ಮಾತ್ರ ಒಂದೂವರೆ ಪಟ್ಟು. ವಿಮಾನಕ್ಕೂ ಅದೇ ಕಥೆ.

ಲೆಕ್ಕ ಮಾಡಿ ನೋಡಿ. 14,000 ಕಿ.ಮೀ., ಗಂಟೆಗೆ 900. ಹದಿನೈದೂವರೆ ಗಂಟೆ ಬೇಕು. ಗಾಳಿ ಹಿಂದಿನಿಂದ 100 ಸೇರಿಸಿದರೆ 14 ಗಂಟೆ ಸಾಕು. ಎದುರಿನಿಂದ 100 ಕಳೆದರೆ ಹದಿನೇಳೂವರೆ. ದೂರ ಒಂದು ಕಿ.ಮೀ. ಕೂಡ ಬದಲಾಗಿಲ್ಲ! 2020ರ ಫೆಬ್ರವರಿಯಲ್ಲಿ ಬಿರುಗಾಳಿ ಬೆನ್ನಿಗಿದ್ದಾಗ ನ್ಯೂಯಾರ್ಕ್‌ನಿಂದ ಲಂಡನ್‌ಗೆ ಒಂದು ವಿಮಾನ 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು. ಮಾಮೂಲಿಗಿಂತ ಒಂದು ಗಂಟೆಗೂ ಹೆಚ್ಚು ಬೇಗ.

ನಿಮ್ಮ ತಂದೆ ತಾಯಿ ಟೋಕಿಯೋ ಕಡೆಯಿಂದ ಹೋದರೆ ಪೂರ್ತಿ ಪೂರ್ವಕ್ಕೇ ಪ್ರಯಾಣ. ಗಾಳಿ ಬೆನ್ನಿಗೆ.

ಮಂಡಕಳ್ಳಿ ಮಾಮ, ಮೈಸೂರು

ಧ್ರುವ, ಸೈಬೀರಿಯಾ ಎಲ್ಲ ಆಯ್ತು. ನಮ್ಮ ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟ್‌ನಲ್ಲಿ ಒಂದು ದೊಡ್ಡ ವಿಮಾನ ಇಳಿಯೋಕೆ ಆಗಲ್ಲ ಅಲ್ವಾ? ರನ್‌ವೇ ಬರೀ 1,740 ಮೀಟರ್. ದೇವನಹಳ್ಳಿಯಲ್ಲಿ 4,000 ಮೀಟರ್‌ನದ್ದು ಎರಡಿವೆ. ನಮ್ಮದನ್ನು ಉದ್ದ ಮಾಡೋಣ ಅಂದರೆ ಪಕ್ಕದಲ್ಲೇ ನಂಜನಗೂಡು ರಸ್ತೆ, ರೈಲು ಹಳಿ. ರಾಜರ ಊರು, ದಸರಾ ಊರು ಅಂತೀವಿ. ರೆಕ್ಕೆಗೆ ಫ್ಯಾನ್ ಇರೋ ಪುಟ್ಟ ವಿಮಾನ ಬಂದರೆ ಸೆಲ್ಫಿ ತಗೋತೀವಿ.

ಕೆರೆ ಏರಿ, ಮದ್ದೂರು

ಮಾಮ, ನಿಮಗೆ ಅದಾದರೂ ಇದೆ. ನಮಗೆ ಮದ್ದೂರು ವಡೆ ಬಿಟ್ಟರೆ ಏನಿದೆ.

ಇನ್ನೋವಾ ಗಾಡಿ, ಶ್ರೀರಂಗಪಟ್ಟಣ

ನಾನು ಏರ್‌ಪೋರ್ಟ್ ಡ್ರಾಪ್ ಹೊಡೆಯೋನು. ನಿಮ್ಮ ಲೆಕ್ಕದಲ್ಲಿ ನಮ್ಮ ಭಾಗ ಯಾರೂ ಸೇರಿಸಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಂಡ್ಯದಿಂದ ದೇವನಹಳ್ಳಿ ಏರ್‌ಪೋರ್ಟ್ 140 ಕಿ.ಮೀ. ಹತ್ತಿರ ಬರುತ್ತೆ. ಮೈಸೂರಾದರೆ 180. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಬೆಂಗಳೂರಿನ ಬಾಗಿಲಿಗೆ ಹೋಗುವುದು ಕಷ್ಟವಿಲ್ಲ. ಬಾಗಿಲು ದಾಟುವುದೇ ಕಷ್ಟ. ಅದರಲ್ಲೂ ಭಾನುವಾರ ಸಂಜೆ ಊರಿಗೆ ಬಂದವರೆಲ್ಲ ಬೆಂಗಳೂರಿಗೆ ವಾಪಸ್ ಹೋಗುತ್ತಾರೆ. ಮೂರು ಗಂಟೆ ಅಂದುಕೊಂಡಿದ್ದು ನಾಲ್ಕೂವರೆ ಆಗಿದ್ದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಹೊರದೇಶದ ವಿಮಾನಕ್ಕೆ ಮೂರು ಗಂಟೆ ಮುಂಚೆ ಇರಬೇಕು. ರಾತ್ರಿ 3ಕ್ಕೆ ವಿಮಾನ ಅಂದರೆ ಸಂಜೆ 6ಕ್ಕೆ ಮನೆ ಬಿಡಿ. ದಾರಿಯಲ್ಲಿ ತಟ್ಟೆ ಇಡ್ಲಿ ತಿನ್ನೋಕೂ ಟೈಮ್ ಸಿಗುತ್ತೆ. ಮೈಸೂರಿನವರಿಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ. ನನ್ನ ಹೊಟ್ಟೆ ಮೇಲೆ ನಾನೇ ಹೊಡೆದುಕೊಂಡು ಹೇಳುತ್ತಿದ್ದೇನೆ, ಒಬ್ಬರೇ ಆದರೆ ಅದೇ ಒಳ್ಳೆಯದು. ಇಬ್ಬರು ವಯಸ್ಸಾದವರು, ನಾಲ್ಕು ದೊಡ್ಡ ಸೂಟ್‌ಕೇಸ್ ಅಂದರೆ ಗಾಡಿ ಮಾಡಿ.

ಅಂದಹಾಗೆ ಪಾಸ್‌ಪೋರ್ಟ್ ಮನೆ ದೇವರ ಮುಂದೆ ಪೂಜೆಗೆ ಇಟ್ಟು ಅಲ್ಲೇ ಬಿಟ್ಟು ಬಂದವರನ್ನು ರಾಮನಗರದಿಂದ ವಾಪಸ್ ಕರೆದುಕೊಂಡು ಹೋಗಿದ್ದೇನೆ. ತಮಾಷೆ ಅಲ್ಲ.

ಕುವೆಂಪುನಗರದ ಅಜ್ಜಿ, ಮೈಸೂರು

ಬೆಲ್ಲದಚ್ಚು ಮಗಾ, ನಾನು ಆ ಊರಿಗೆ ನಾಲ್ಕು ಸಲ ಹೋಗಿ ಬಂದಿದ್ದೇನೆ. ಮೂರು ಬಾಣಂತನ, ಒಂದು ಗೃಹಪ್ರವೇಶ. ಮೇಷ್ಟ್ರು ಹೇಳಿದ್ದೆಲ್ಲ ಸರಿ ಇರಬಹುದು. ಆದರೆ ನಮ್ಮ ಮೊಣಕಾಲಿಗೆ ಕಿಲೋಮೀಟರ್ ಗೊತ್ತಾಗಲ್ಲ. ಎಷ್ಟು ಹೊತ್ತು ಒಂದೇ ಕಡೆ ಕೂತೆ, ಎಷ್ಟು ದೂರ ನಡೆದೆ, ಅದು ಗೊತ್ತಾಗುತ್ತೆ.

ಮೊದಲ ಸಲ ಮಗ ಬೇಗ ತಲುಪಲಿ ಅಂತ ನಡುವೆ ಬರೀ ಒಂದು ಗಂಟೆ ಹತ್ತು ನಿಮಿಷ ಇರುವ ಟಿಕೆಟ್ ಮಾಡಿದ. ಕಾಗದದ ಮೇಲೆ ಅದೇ ಎಲ್ಲಕ್ಕಿಂತ ಬೇಗ. ಮೊದಲ ವಿಮಾನ ನಲವತ್ತು ನಿಮಿಷ ತಡ. ನಾವು ಇಳಿದು, ಮತ್ತೆ ತಪಾಸಣೆ ಮುಗಿಸಿ, ಆ ಗೇಟ್ ಹುಡುಕುವಷ್ಟರಲ್ಲಿ ಬಾಗಿಲು ಹಾಕಿದ್ದರು. ನಮ್ಮನೆಯವರು ಕನ್ನಡದಲ್ಲೇ ಜಗಳ ಆಡಿದರು. ಅವರೂ ಅವರ ಭಾಷೆಯಲ್ಲಿ ಉತ್ತರ ಕೊಟ್ಟರು. ಮುಂದಿನ ವಿಮಾನಕ್ಕೆ ಹತ್ತೊಂಬತ್ತು ಗಂಟೆ ಕಾದೆವು. ಆಮೇಲಿನ ಮೂರು ಸಲ ಕಡಿಮೆ ಅಂದರೂ ಮೂರು ಗಂಟೆ ಬಿಡುವು ಇರಲೇಬೇಕು ಅಂತ ನಾನೇ ಹಠ ಹಿಡಿದೆ. ನಾಲ್ಕಾದರೂ ಪರವಾಗಿಲ್ಲ. ಎಂಟು ಬೇಡ, ಕುರ್ಚಿಯಲ್ಲಿ ನಿದ್ದೆ ಬರಲ್ಲ.

ದುಬೈ, ಸಿಂಗಾಪುರ ಅಂದರೆ ನಾಲ್ಕು ಗಂಟೆ ಒಂದು ವಿಮಾನ, ಆಮೇಲೆ ಹದಿನೈದು ಹದಿನಾರು ಗಂಟೆ ಒಂದೇ ಉಸಿರಿಗೆ. ಅದು ನನಗೆ ಆಗಲಿಲ್ಲ, ಕಾಲು ಸೌತೆಕಾಯಿ ಥರ ಊದಿಕೊಂಡಿತ್ತು. ಫ್ರಾಂಕ್‌ಫರ್ಟ್, ಟೋಕಿಯೋ ಆದರೆ ಅರ್ಧಕ್ಕರ್ಧ ಹಂಚಿಹೋಗುತ್ತೆ. ಎಂಟೊಂಬತ್ತು ಗಂಟೆ ಕೂತು, ನಡೆದಾಡಿ, ಮತ್ತೆ ಒಂಬತ್ತು ಗಂಟೆ. ಫ್ರಾಂಕ್‌ಫರ್ಟ್ ಕಡೆಯಿಂದ ಸ್ವಲ್ಪ ಜಾಸ್ತಿ. ಒಂದೂವರೆ ಗಂಟೆಗೆ ಒಮ್ಮೆ ಎದ್ದು ಓಡಾಡಲಿ. ಅದಕ್ಕೆ ನಡುದಾರಿಯ ಪಕ್ಕದ ಸೀಟೇ ಮಾಡಿಸು. ಕಿಟಕಿ ಸೀಟಿನ ಆಸೆಗೆ ಬಿದ್ದರೆ ಪ್ರತಿ ಸಲ ಪಕ್ಕದವರನ್ನು ಎಬ್ಬಿಸಬೇಕು, ನಮ್ಮ ಹೆಂಗಸರು ಸಂಕೋಚಕ್ಕೆ ನೀರೇ ಕುಡಿಯಲ್ಲ.

ನೀರು ಕುಡಿಯಲೇಬೇಕು. ವಿಮಾನದೊಳಗೆ ಗಾಳಿ ತುಂಬಾ ಒಣ. ಒತ್ತಡವೂ ಆರರಿಂದ ಎಂಟು ಸಾವಿರ ಅಡಿ ಎತ್ತರದ ಊರಿನ ಹಾಗಿರುತ್ತಂತೆ, ನನ್ನ ಮೊಮ್ಮಗ ಹೇಳಿದ. ಅಂದರೆ ಹೆಚ್ಚುಕಡಿಮೆ ಊಟಿಯಲ್ಲಿ ಕೂತ ಹಾಗೆ. ಮಂಡ್ಯದವರನ್ನು ಊಟಿಯಲ್ಲಿ ಹದಿನೇಳು ಗಂಟೆ ಕುರ್ಚಿ ಮೇಲೆ ಕೂರಿಸಿದರೆ ಸುಸ್ತಾಗದೆ ಇರುತ್ತಾ? ಬಿಪಿ, ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಮೊದಲೇ ಕೇಳಿ. ಸ್ವೆಟರ್ ಕೈಚೀಲದಲ್ಲಿರಲಿ. ಮಾತ್ರೆಯೂ ಅಲ್ಲೇ.

ವೀಲ್‌ಚೇರ್ ಟಿಕೆಟ್ ಮಾಡುವಾಗಲೇ ಹೇಳಿಬಿಡು. "ನಾನೇನು ಕುಂಟನಾ" ಅಂತ ಅಪ್ಪ ರೇಗಬಹುದು, ನಮ್ಮನೆಯವರೂ ರೇಗಿದ್ದರು. ಭಾಷೆ ಬಾರದ ಊರಿನಲ್ಲಿ ಗೇಟಿನವರೆಗೆ ಕೈಹಿಡಿದು ಕರೆದುಕೊಂಡು ಹೋಗುವ ಜನ ಸಿಗುತ್ತಾರೆ ಅನ್ನು, ಒಪ್ಪುತ್ತಾರೆ.

ಕೊನೆಯದು. ಬಾಣಂತಿಗೆ ಅಂತ ಅವ್ವ ಒಣ ಕೊಬ್ಬರಿ ಕಟ್ಟಿರುತ್ತಾಳೆ. ತೆಗೆಸು. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ವಿಮಾನಕ್ಕೆ ಬಿಡಲ್ಲ. ಸಾರಿನ ಪುಡಿ, ಚಟ್ನಿ ಪುಡಿ ಕೈಚೀಲದಲ್ಲಿ ಬೇಡ, ದೊಡ್ಡ ಸೂಟ್‌ಕೇಸಿಗೆ ಹಾಕಿ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ 350 ಮಿ.ಲೀ. ಡಬ್ಬಿಗಿಂತ ಜಾಸ್ತಿ ಪುಡಿ ಕೈಯಲ್ಲಿದ್ದರೆ ಬಿಚ್ಚಿಸಿ ನೋಡುತ್ತಾರೆ. ಕರಿಬೇವು, ಹಸಿ ಹಣ್ಣು ಬೇಡವೇ ಬೇಡ. ಇಳಿದಾಗ ತಿಂಡಿ ಇದೆಯಾ ಅಂತ ಕೇಳಿದರೆ ಇದೆ ಅಂತಲೇ ಹೇಳಲಿ.

ಬೆಲ್ಲದಚ್ಚು, ಮಂಡ್ಯ

ಅಜ್ಜಿ, ನಿಮ್ಮ ಮಾತು ಓದಿ ಹೇಳಿದೆ. ಅವ್ವ ಸುಮ್ನೆ ಎದ್ದು ಹೋಗಿ ಸೂಟ್‌ಕೇಸ್ ತೆಗೆದು ಎರಡು ಕೆಜಿ ಕೊಬ್ಬರಿ ಹೊರಗಿಟ್ಟರು. ನನಗೇ ಗೊತ್ತಿರಲಿಲ್ಲ.

ಟೋಕಿಯೋ ದಾರಿಯೇ ಮಾಡಿದೆವು. ಭಾನುವಾರ ರಾತ್ರಿ ಕಳೆದು ಸೋಮವಾರ ಬೆಳಗಿನ ಜಾವ 3ಕ್ಕೆ ಬೆಂಗಳೂರು ಬಿಡುತ್ತೆ. ಟೋಕಿಯೋದಲ್ಲಿ ಮೂರು ಗಂಟೆ ಬಿಡುವು. ಟಿಕೆಟ್‌ನಲ್ಲಿ ಒಂದು ವಿಚಿತ್ರ ಇದೆ. ಟೋಕಿಯೋದಿಂದ ಹೊರಡುವುದು ಸೋಮವಾರ ಸಂಜೆ ಐದೂವರೆ. ಸ್ಯಾನ್ ಫ್ರಾನ್ಸಿಸ್ಕೋ ತಲುಪುವುದು ಸೋಮವಾರ ಬೆಳಗ್ಗೆ ಒಂಬತ್ತೂವರೆ. ಹೊರಡುವ ಮುಂಚೆಯೇ ತಲುಪಿದರು! ಪ್ರಿಂಟ್ ತಪ್ಪಾ?

ಇನ್ನೊಂದು, ನಗಬೇಡಿ. ಅವ್ವ ಮೂವತ್ತು ವರ್ಷದಿಂದ ಸೋಮವಾರ ಒಪ್ಪೊತ್ತು ಇದ್ದಾರೆ. ಹಗಲೆಲ್ಲ ಹಣ್ಣು ಹಾಲು, ಕತ್ತಲಾದ ಮೇಲೆ ಊಟ. ಈ ಸೋಮವಾರ ಯಾವಾಗ ಮುಗಿಯುತ್ತೆ ಅಂತ ಕೇಳುತ್ತಿದ್ದಾರೆ.

ರಾಗಿಮುದ್ದೆ, ಸನ್ನಿವೇಲ್

ಪ್ರಿಂಟ್ ಸರಿಯಾಗಿದೆ ಗುರು. ನಡುವೆ ಪೆಸಿಫಿಕ್ ಸಾಗರದಲ್ಲಿ ದಿನ ಬದಲಾಗುವ ಗೆರೆ ಇದೆ. ಪೂರ್ವಕ್ಕೆ ದಾಟಿದರೆ ಒಂದು ದಿನ ಹಿಂದಕ್ಕೆ. ಟೋಕಿಯೋ ನಮಗಿಂತ ಮೂರೂವರೆ ಗಂಟೆ ಮುಂದೆ. ಇಲ್ಲಿ ಕ್ಯಾಲಿಫೋರ್ನಿಯಾ ಚಳಿಗಾಲದಲ್ಲಿ ಭಾರತಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್ ಎರಡನೇ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಆಗ ಹನ್ನೆರಡೂವರೆ. ನವೆಂಬರ್ ಮೊದಲ ಭಾನುವಾರ ವಾಪಸ್.

ಅವ್ವನ ಸೋಮವಾರದ ಲೆಕ್ಕ ಹಾಕಿದೆ. ಬೆಂಗಳೂರಿನಲ್ಲಿ ನಡುರಾತ್ರಿ ಶುರುವಾಗಿ ಇಲ್ಲಿ ನಡುರಾತ್ರಿ ಮುಗಿಯುತ್ತೆ. ಇಪ್ಪತ್ನಾಲ್ಕು ಮತ್ತು ಹದಿಮೂರೂವರೆ. ಒಟ್ಟು ಮೂವತ್ತೇಳೂವರೆ ಗಂಟೆಯ ಸೋಮವಾರ!

ವಾಪಸ್ ಬರುವಾಗ ತದ್ವಿರುದ್ಧ. ಇಲ್ಲಿ ಶುಕ್ರವಾರ ರಾತ್ರಿ ಹೊರಟರೆ ಶನಿವಾರ ಕಣ್ಣಿಗೇ ಸರಿಯಾಗಿ ಬೀಳಲ್ಲ, ಇಳಿದಾಗ ಭಾನುವಾರ. ಶನಿವಾರ ಒಪ್ಪೊತ್ತು ಮಾಡುವವರಿಗೆ ಲಾಭ.

ಕುವೆಂಪುನಗರದ ಅಜ್ಜಿ, ಮೈಸೂರು

ಮೂವತ್ತೇಳೂವರೆ ಗಂಟೆ ಉಪವಾಸ ಇದ್ದರೆ ಬಾಣಂತನ ಯಾರಿಗೆ ಮಾಡಬೇಕಾಗುತ್ತೆ? ಪ್ರಯಾಣದಲ್ಲಿ ನೇಮ ಸಡಿಲ ಬಿಡಬಹುದು ಅಂತ ನಮ್ಮತ್ತೆಯೇ ಹೇಳುತ್ತಿದ್ದರು. ತಿನ್ನಲು ಹೇಳು.

ಬೆಲ್ಲದಚ್ಚು, ಮಂಡ್ಯ

ತಲುಪಿದರು. ಎಲ್ಲರಿಗೂ ತುಂಬಾ ಧನ್ಯವಾದ. ಭಾನುವಾರ ಸಂಜೆ 6ಕ್ಕೆ ಮಂಡ್ಯ ಬಿಟ್ಟರು. ಸೋಮವಾರ ಮಧ್ಯಾಹ್ನ 12ಕ್ಕೆ ತಂಗಿ ಮನೆ. ಅಪ್ಪ ತಮ್ಮ ಎಚ್‌ಎಂಟಿ ವಾಚ್ ನೋಡದೆ ಅಲ್ಲಿನ ಗೋಡೆ ಗಡಿಯಾರ ನೋಡಿ, "ಬರೀ ಹದಿನೆಂಟು ಗಂಟೆ ಕಣೋ, ಕಾಶಿಗಿಂತ ಹತ್ತಿರ" ಅಂದರು.

ನಿವೃತ್ತ ಮೇಷ್ಟ್ರು, ಮೈಸೂರು

ವಾಚ್ ನೋಡಲು ಹೇಳಿ. ಅಲ್ಲಿ ಮಧ್ಯಾಹ್ನ 12 ಅಂದರೆ ಇಲ್ಲಿ ಸೋಮವಾರ ರಾತ್ರಿ ಕಳೆದು ಮಂಗಳವಾರ ಒಂದೂವರೆ. ಒಟ್ಟು ಮೂವತ್ತೊಂದೂವರೆ ಗಂಟೆ. ಟೋಕಿಯೋವರೆಗೆ ಎಂಟು, ಅಲ್ಲಿಂದ ಒಂಬತ್ತು. ಆಕಾಶದಲ್ಲಿ ಇದ್ದದ್ದು ಹದಿನೇಳೇ ಗಂಟೆ. ಉಳಿದ ಹದಿನಾಲ್ಕೂವರೆ ಗಂಟೆ ನೆಲದ ಮೇಲೆಯೇ ಕಳೆದಿದೆ.

ಇನ್ನೋವಾ ಗಾಡಿ, ಶ್ರೀರಂಗಪಟ್ಟಣ

ಅದರಲ್ಲಿ ಮೂರು ಮುಕ್ಕಾಲು ಗಂಟೆ ನನ್ನ ಗಾಡಿಯಲ್ಲಿ. ತಟ್ಟೆ ಇಡ್ಲಿ ಸೇರಿ.

ಕುವೆಂಪುನಗರದ ಅಜ್ಜಿ, ಮೈಸೂರು

ಅವ್ವ ಊಟ ಮಾಡಿದಳಾ?

ಬೆಲ್ಲದಚ್ಚು, ಮಂಡ್ಯ

ಮಾಡಿದರು ಅಜ್ಜಿ. ತಂಗಿ ಮನೆಯಲ್ಲಿ ಬೆಳಕಿದ್ದಾಗಲೇ ಅನ್ನ ಸಾರು ಉಂಡರು. ಅಪ್ಪ, "ಇನ್ನೂ ಸೋಮವಾರ ಕಣೆ" ಅಂತ ಕಾಲೆಳೆದರಂತೆ. ಅದಕ್ಕೆ ಅವ್ವ, "ಟೋಕಿಯೋದಲ್ಲಿ ನನ್ನ ಕಣ್ಣೆದುರಿಗೇ ಹೊತ್ತು ಮುಳುಗ್ತು, ನನ್ನ ಸೋಮವಾರ ಅಲ್ಲಿಗೆ ಮುಗೀತು. ಇದು ಇವರ ಸೋಮವಾರ" ಅಂದರಂತೆ.